ಮೊದಲ ಮ್ಯಾಚಿಗೆ ನಿಮ್ಮನ್ನು ಯಾರು ಕರೆದುಕೊಂಡು ಹೋದರು?

ಆಸ್ಟಿನ್ ಟೌನ್ ಹುಡುಗ (ಚರ್ಚೆ ಆರಂಭಿಸಿದವರು)

ನಮಸ್ಕಾರ. ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ನಿಮ್ಮನ್ನು ಮೊದಲ ಸಲ ಫುಟ್‌ಬಾಲ್ ನೋಡೋಕೆ ಕರೆದುಕೊಂಡು ಹೋದವರು ಯಾರು? ಟಿವಿಯಲ್ಲೇ ಶುರುವಾಗಿದ್ದರೆ, ಪಕ್ಕದಲ್ಲಿ ಕೂತಿದ್ದವರು ಯಾರು? ಈಗ ನೀವೆಲ್ಲಿದ್ದೀರಿ, ಅವರೆಲ್ಲಿದ್ದಾರೆ?

ನನ್ನದನ್ನು ಮೊದಲು ಹೇಳಿಬಿಡುತ್ತೇನೆ. ನನ್ನನ್ನು ಕರೆದುಕೊಂಡು ಹೋದವರು ಮಾವ, ಅಮ್ಮನ ತಮ್ಮ. 1993ನೇ ಇಸವಿ ಇರಬೇಕು, ನನಗೆ ಎಂಟು ವರ್ಷ. ಮಾವ ಕಾರ್ಖಾನೆಯಲ್ಲಿ ಫಿಟರ್. ಮೊದಲ ಶಿಫ್ಟ್ ಮುಗಿಸಿ ಬಂದು, ಮುಖ ತೊಳೆದು, ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು, ಸೈಕಲ್ ಬಾರ್‌ಗೆ ಟವಲ್ ಸುತ್ತಿ ನನ್ನನ್ನು ಕೂರಿಸಿಕೊಂಡು ಹೊರಟರೆ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ. ಅವತ್ತು ಆಡಿದ ಎರಡು ಟೀಮುಗಳಲ್ಲಿ ಐಟಿಐ (ದೂರವಾಣಿನಗರದ ಟೆಲಿಫೋನ್ ಕಾರ್ಖಾನೆಯ ಟೀಮು) ಒಂದು, ಇನ್ನೊಂದು ನೆನಪಿಲ್ಲ. ಸಿಮೆಂಟ್ ಮೆಟ್ಟಿಲ ಮೇಲೆ ಪೇಪರ್ ಹಾಸಿ ಕೂರೋದು, ಪೊಟ್ಟಣದಲ್ಲಿ ಕಡ್ಲೆಕಾಯಿ. ಚೆಂಡು ಗೋಲಿನ ಹತ್ತಿರ ಬಂದ ತಕ್ಷಣ ಮುಂದಿದ್ದವರೆಲ್ಲ ಎದ್ದು ನಿಲ್ಲೋರು, ನನಗೆ ಬೆನ್ನುಗಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆಗ ಮಾವ ಬಗ್ಗಿ ನನ್ನ ಕಿವಿಯಲ್ಲಿ ಹೇಳೋರು: "ಬಲಗಡೆಯಿಂದ ಬರ್ತಾ ಇದಾನೆ... ಒಬ್ಬನ್ನ ದಾಟಿದ... ಒಳಗೆ ಕೊಟ್ಟ... ಅಯ್ಯೋ ಆಚೆ." ನನ್ನ ಮೊದಲ ಗೋಲುಗಳನ್ನೆಲ್ಲ ನಾನು ಕೇಳಿದ್ದು, ನೋಡಿದ್ದಲ್ಲ.

2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಮೊದಲ ವರ್ಷ ಅದೇ ಸ್ಟೇಡಿಯಂನಲ್ಲಿ ಆಡಿದರು. ಮಾವ ರಿಟೈರ್ ಆಗಿದ್ದರು. ಇಬ್ಬರೂ ಹೋದೆವು. ಹುಟ್ಟಿದ ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದ ಟೀಮು ಅದು. ಅದಾದ ಕೆಲವೇ ತಿಂಗಳಿಗೆ ನನಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಊರು ಡಾರ್ಟ್‌ಮುಂಡ್.

ಫುಟ್‌ಬಾಲ್ ಹುಚ್ಚಿರುವವನಿಗೆ ಇದಕ್ಕಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಸ್ಟೇಡಿಯಂನ ದಕ್ಷಿಣದ ಸ್ಟ್ಯಾಂಡ್ ಒಂದರಲ್ಲೇ 24 ಸಾವಿರಕ್ಕೂ ಹೆಚ್ಚು ಜನ ನಿಂತು ನೋಡುತ್ತಾರೆ. ಕ್ಲಬ್ ಹುಟ್ಟಿದ್ದು 1909ರಲ್ಲಿ, ಉಕ್ಕಿನ ಕಾರ್ಖಾನೆ ಪಕ್ಕದ ಬಡಾವಣೆಯ ಹುಡುಗರಿಂದ. ಆ ಕಾರ್ಖಾನೆಯ ಉಕ್ಕಿನ ಕುಲುಮೆಗಳು 2001ರಲ್ಲಿ ಆರಿಹೋದವು, ಯಂತ್ರಗಳನ್ನು ಬಿಚ್ಚಿ ಚೀನಾಕ್ಕೆ ಸಾಗಿಸಿದರು. ಅಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಅದೇ ಜಾಗದಲ್ಲಿ ನಿಲ್ಲುತ್ತಾರೆ. ನನ್ನ ಪಕ್ಕ ನಿಲ್ಲುವ ಮುದುಕರನ್ನು ನೋಡಿದಾಗಲೆಲ್ಲ ದೂರವಾಣಿನಗರ, ಶಿಫ್ಟ್ ಬಸ್ಸು, ಮಾವನ ಇಸ್ತ್ರಿ ಶರ್ಟ್ ನೆನಪಾಗುತ್ತೆ.

2023ರ ಮೇ 27. ಕೊನೆಯ ಪಂದ್ಯ ಗೆದ್ದರೆ ಡಾರ್ಟ್‌ಮುಂಡ್ ಚಾಂಪಿಯನ್. ಮೈಂಜ್ ವಿರುದ್ಧ 2-2 ಡ್ರಾ ಆಯಿತು. ಅತ್ತ ಕಲೋನ್‌ನಲ್ಲಿ ಬಾಯರ್ನ್‌ನವರು 89ನೇ ನಿಮಿಷದಲ್ಲಿ ಗೋಲು ಹೊಡೆದು ಗೆದ್ದರು. ಇಬ್ಬರಿಗೂ 71 ಅಂಕ, ಗೋಲಿನ ಲೆಕ್ಕದಲ್ಲಿ ಕಪ್ ಹೋಯಿತು. ನನ್ನ ಸುತ್ತ ದೊಡ್ಡ ದೊಡ್ಡ ಗಂಡಸರು ಬಿಕ್ಕಿ ಬಿಕ್ಕಿ ಅತ್ತರು. ನನಗೂ ಸಂಕಟವಾಯಿತು. ಆದರೆ 2018ರ ಮಾರ್ಚ್ 17ರಂದು, ರಜೆ ಹಾಕಿ ಬಂದು ಕಂಠೀರವದಲ್ಲಿ ಮಾವನ ಜೊತೆ ಕೂತು ಬೆಂಗಳೂರು ಎಫ್‌ಸಿ ಚೆನ್ನೈಯಿನ್ ಎದುರು 2-3ರಲ್ಲಿ ಇಂಡಿಯನ್ ಸೂಪರ್ ಲೀಗ್ ಫೈನಲ್ ಸೋತಾಗ ಆದ ಸಂಕಟವೇ ಬೇರೆ. ಅವತ್ತು ಕಸ್ತೂರಬಾ ರಸ್ತೆಯುದ್ದಕ್ಕೂ ಇಬ್ಬರೂ ಒಂದು ಮಾತಾಡಲಿಲ್ಲ.

ಇಷ್ಟು ವರ್ಷ ಇಲ್ಲಿದ್ದು, ಇಲ್ಲಿನ ಕ್ಲಬ್ಬಿನ ಸದಸ್ಯನಾಗಿ, ಹಾಡೆಲ್ಲ ಬಾಯಿಪಾಠ ಆಗಿದ್ದರೂ ಹೀಗೇಕೆ? ನಿಮ್ಮ ಅನುಭವ ಹೇಳಿ.

ಗೌತಮಪುರ ಹಿರಿಯ

ತಮ್ಮಾ, ನಿನ್ನ ಮಾವನ ವಯಸ್ಸಿನವನೇ ನಾನು. 64. ಹುಟ್ಟಿದ್ದು, ಬೆಳೆದದ್ದು, ಈಗ ಇರೋದು ಎಲ್ಲ ಹಲಸೂರಿನ ಗೌತಮಪುರದಲ್ಲೇ. ಜೀವನ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ, ಹೋಗಬೇಕು ಅಂತ ನನಗೂ ಅನ್ನಿಸಲಿಲ್ಲ.

ನಮ್ಮ ಬೀದಿಯಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಇವರ ಜೊತೆಗೆ ಪೆಲೆ ಪ್ರತಿಮೆ ಇದೆ. ಹೊರಗಿನಿಂದ ಬಂದವರು ಆಶ್ಚರ್ಯ ಪಡ್ತಾರೆ. ನಮಗೆ ಅದರಲ್ಲಿ ಆಶ್ಚರ್ಯವಿಲ್ಲ. ನಮ್ಮನ್ನು ತಲೆ ಎತ್ತಿ ನಡೆಯೋ ಹಾಗೆ ಮಾಡಿದವರಿಗೆ ಜಾಗ ಕೊಟ್ಟಿದ್ದೀವಿ, ಅಷ್ಟೇ. 2022ರ ಡಿಸೆಂಬರ್ 29ರಂದು ಪೆಲೆ ತೀರಿಕೊಂಡರು ಅಂತ ಗೊತ್ತಾದಾಗ ನಾನೂ ಒಂದು ಹಾರ ತಗೊಂಡು ಹೋಗಿ ಹಾಕಿ ಬಂದೆ.

ನನ್ನನ್ನು ಕರೆದುಕೊಂಡು ಹೋದವರು ಅಪ್ಪ. ಅಪ್ಪ ದಂಡಿನಲ್ಲಿ ಬ್ರಿಟಿಷ್ ಸಿಪಾಯಿಗಳು ಆಡೋದನ್ನ ನೋಡಿ ಬೆಳೆದವರು. ಅವರ ಬಾಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಬರ್ತಿದ್ದದ್ದು ರಾಮನ್, ಅಹ್ಮದ್ ಖಾನ್, ಧನರಾಜ್ ಹೆಸರುಗಳು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ನಮ್ಮವರು ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಎರಡು ಪೆನಾಲ್ಟಿ ಕೈಬಿಟ್ಟು 1-2ರಲ್ಲಿ ಸೋತರು. ಆ ಒಂದು ಗೋಲು ಹೊಡೆದದ್ದು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಅದು. ಅಹ್ಮದ್ ಖಾನ್ ಮತ್ತು ಧನರಾಜ್ ಆಮೇಲೆ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್‌ನಲ್ಲಿ ಪಂಚಪಾಂಡವರು ಅನ್ನಿಸಿಕೊಂಡ ಐದು ಫಾರ್ವರ್ಡ್‌ಗಳಲ್ಲಿ ಇಬ್ಬರಾದರು. 1962ರ ಜಕಾರ್ತ ಏಷ್ಯನ್ ಗೇಮ್ಸ್ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ ಕೂಡ ನಮ್ಮ ಊರಿನವರೇ. ನಿಮ್ಮ ಕಾಲಕ್ಕೆ ಬಂದರೆ ಕಾರ್ಲ್‌ಟನ್ ಚಾಪ್ಮನ್. 1993ರಲ್ಲಿ ಇರಾಕಿನ ಅಲ್ ಜವ್ರಾ ಮೇಲೆ ಈಸ್ಟ್ ಬೆಂಗಾಲ್ 6-2ರಲ್ಲಿ ಗೆದ್ದಾಗ ಹ್ಯಾಟ್ರಿಕ್ ಹೊಡೆದ ಹುಡುಗ. 2020ರಲ್ಲಿ ಇನ್ನೂ ಐವತ್ತು ತುಂಬದೇ ಹೋಗಿಬಿಟ್ಟ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಗೆ ಬೆಂಕಿ ಬೀಳುತ್ತೆ.

ರಾಜ್ಯಗಳ ನಡುವಿನ ಟೂರ್ನಿ ಸಂತೋಷ್ ಟ್ರೋಫಿ, 1968-69ರದ್ದು ಬೆಂಗಳೂರಲ್ಲೇ ನಡೆದಿದ್ದು. ಫೈನಲ್‌ನಲ್ಲಿ ಮೈಸೂರು (ಆಗ ನಮ್ಮ ರಾಜ್ಯದ ಹೆಸರು ಅದೇ) ಬಂಗಾಳವನ್ನು ಸೋಲಿಸಿತು. ನಾನು ಅಪ್ಪನ ಹೆಗಲ ಮೇಲೆ. ಆಟ ನೆನಪಿಲ್ಲ. ಅಪ್ಪ ಕುಣಿದಾಗ ಬೀಳ್ತೀನಿ ಅಂತ ಅವರ ಕೂದಲು ಗಟ್ಟಿಯಾಗಿ ಹಿಡಿದುಕೊಂಡಿದ್ದು ನೆನಪಿದೆ, ಎಣ್ಣೆ ಹಚ್ಚಿದ ಕೂದಲು, ಕೈ ಜಾರ್ತಾ ಇತ್ತು.

ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಉರ್ದು. ಗೋಲಾದಾಗ ಮೂರೂ ಒಟ್ಟಿಗೆ. ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಡ್ತಿದ್ದ ಕಾಲ. ಚೆನ್ನಾಗಿ ಆಡೋ ಹುಡುಗ ಅಂದ್ರೆ ಒಂದು ಸಂಸಾರಕ್ಕೆ ಅನ್ನ. ನನಗೂ ಹಾಗೇ ಸಿಕ್ಕಿತು. ಇಪ್ಪತ್ತಾರಕ್ಕೆ ಮೊಣಕಾಲು ಹೋಯಿತು, ಸ್ಟೋರ್ಸ್‌ಗೆ ಹಾಕಿದರು, ಅಲ್ಲೇ ರಿಟೈರ್ ಆದೆ. ಈಗ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಚಿಕ್ಕ ಹುಡುಗರಿಗೆ ಹೇಳಿಕೊಡ್ತೀನಿ. ಈ ವರ್ಷ ಎಂಟು ಹುಡುಗಿಯರೂ ಇದಾರೆ.

ಕೆರೆ ಏರಿ

ಹಿರಿಯರೇ, ನೀವು ಹೇಳಿಕೊಟ್ಟ ಹುಡುಗರಲ್ಲಿ ನಾನೂ ಒಬ್ಬ. ಹೆಸರು ಹೇಳಲ್ಲ, ಎಡಗಾಲಿನವನು ಅಂದರೆ ಗೊತ್ತಾಗುತ್ತೆ.

ಗೌತಮಪುರ ಹಿರಿಯ

ಗೊತ್ತಾಯ್ತು ಕಣೋ. ಭಾನುವಾರ ಬಾ.

ಹುಬ್ಬಳ್ಳಿ ರೇಲ್ವೆ

ನಂದೂ ಹೇಳ್ತೀನ್ರಿ. ನಾವು ಹುಬ್ಬಳ್ಳಿ ರೇಲ್ವೆ ಕ್ವಾರ್ಟರ್ಸ್‌ನ್ಯಾಗ ಇದ್ವಿ. 1986. ನಾ ಆಗ ಏಳನೇತ್ತ ಮುಗಿಸಿದ್ದೆ. ನಮ್ಮ ಸಾಲಿನ್ಯಾಗ ಟಿವಿ ಇದ್ದಿದ್ದು ಒಬ್ಬ ಗಾರ್ಡ್ ಸಾಹೇಬ್ರ ಮನ್ಯಾಗಷ್ಟ. ನಮ್ಮ ಕಾಕಾ ವರ್ಕ್‌ಶಾಪಿನ್ಯಾಗ ವೆಲ್ಡರ್ ಇದ್ರು, ಅವರೇ ನನ್ನ ಕರಕೊಂಡು ಹೋದವರು. ಜೂನ್ 29, ರಾತ್ರಿ ಹನ್ನೊಂದೂವರೆಗೆ ವರ್ಲ್ಡ್ ಕಪ್ ಫೈನಲ್. ಮಳಿ ಹೊಡೀಲಿಕ್ಕತ್ತಿತ್ತು. ತಲಿ ಮ್ಯಾಲ ಗೋಣಿಚೀಲದ ಕೊಪ್ಪಿ ಹಾಕ್ಕೊಂಡು ಹೋದ್ವಿ. ಬಾಗಿಲ ಮುಂದ ಮೂವತ್ತು ಜೋಡಿ ಚಪ್ಪಲಿ ಇದ್ದುವು.

ಅರ್ಜೆಂಟೀನಾ ಎರಡು ಗೋಲ್ ಮುಂದ ಇತ್ತು. ಜರ್ಮನಿಯವ್ರು ಏಳೆಂಟು ನಿಮಿಷದಾಗ ಎರಡೂ ತೀರಿಸಿದ್ರು. 2-2. ಆವಾಗ ಕರೆಂಟ್ ಹೋತು.

ಯಾರೂ ಎದ್ದು ಹೋಗಲಿಲ್ಲ. ಕತ್ತಲ್ಯಾಗ ಮೂವತ್ತು ಮಂದಿ ಕುಂತಿವಿ, ಬರೇ ಹಂಚಿನ ಮ್ಯಾಲಿನ ಮಳಿ ಸಪ್ಪಳ. ಒಂದು ತಾಸು ಕುಂತಿವಿ. ಬರಲಿಲ್ಲ. ಮರುದಿನ ಪೇಪರಿನ್ಯಾಗೂ ಇರಲಿಲ್ಲ, ಅಷ್ಟೊತ್ತಿಗೆ ಅದು ಅಚ್ಚಾಗಿ ಹೊಂಟಿತ್ತು. ಮುಂಜಾನೆ ರೇಡಿಯೋ ವಾರ್ತೆ ಕೇಳಿ ಕಾಕಾ ಓಡಿ ಬಂದು ಹೇಳಿದ್ರು, ಮರಡೋನಾ ಪಾಸ್ ಕೊಟ್ಟಾನ, ಬುರುಚಾಗಾ ಹೊಡದಾನ, 3-2. ಆ ಗೋಲ್ ನಾ ಕಣ್ಣಾರೆ ನೋಡಿದ್ದು ಮುಂದ ಇಪ್ಪತ್ತು ವರ್ಷಕ್ಕ, ಪುಣೆದಾಗ, ಆಫೀಸ್ ಕಂಪ್ಯೂಟರಿನ್ಯಾಗ. ಸಣ್ಣ ಚೌಕದಾಗ ಮಸುಕು ಮಸುಕು ಕಾಣ್ತಿತ್ತು. ಹತ್ತ ಸಲ ನೋಡಿದೆ.

ನೌಕರಿ ಸಂಬಂಧ ಪುಣೆಗೆ ಬಂದು ಮೂವತ್ತು ವರ್ಷ ಆತು. ಹೇಣ್ತಿ ಸಾಂಗ್ಲಿಯವಳು, ಮಕ್ಕಳು ಮರಾಠಿ ಸಾಲಿಗೆ ಹೋದ್ವು. ಆದ್ರ ನಾಲ್ಕು ವರ್ಷಕ್ಕೊಮ್ಮೆ ನಾನೂ ಕಾಕಾನೂ ಫೋನ್ ಹಚ್ಚಿಕೊಂಡು ಕುಂದರೋದು ತಪ್ಪಿಲ್ಲ. 1990ರ ಫೈನಲ್ ಸೋತ್ವಿ. 2014ರದ್ದು ಸೋತ್ವಿ. 2022ರ ಡಿಸೆಂಬರ್ 18, ಮತ್ತ ಫೈನಲ್. ಮತ್ತ ಎರಡು ಗೋಲ್ ಮುಂದ. ಎಂಬಾಪೆ ಎರಡು ನಿಮಿಷದಾಗ ಎರಡೂ ತೀರಿಸಿದ. 2-2.

ಕಾಕಾಗ ಆವಾಗ 78. ಹುಬ್ಬಳ್ಳಿಯಿಂದ ಫೋನಿನ್ಯಾಗ ಅವರು ಕೇಳಿದ್ದು ಒಂದೇ ಮಾತು: "ತಮ್ಮಾ, ಅಲ್ಲೆ ಕರೆಂಟ್ ಐತೇನೋ?"

ಐತಿ ಕಾಕಾ ಅಂದೆ. ಮುಂದಿಂದು ನಿಮಗೆಲ್ಲಾ ಗೊತ್ತ ಐತಿ. 3-3 ಆತು, ಪೆನಾಲ್ಟಿಗೆ ಹೋತು, 4-2. ಮೂವತ್ತಾರು ವರ್ಷದ ಮ್ಯಾಲ ಕೊನೀತನಕ ಇಬ್ಬರೂ ಕೂಡಿ ನೋಡಿದ್ವಿ.

ವೆಸ್ಟ್ ಬ್ಲಾಕ್ ನೀಲಿ

ಎಲ್ಲರ ಕಥೆನೂ ಓದಿದೆ. ಆದರೆ ಮನಸ್ಸಲ್ಲಿರೋದನ್ನ ಹೇಳಿಬಿಡ್ತೀನಿ. ನಾಲ್ಕು ವರ್ಷಕ್ಕೊಮ್ಮೆ ಟಿವಿ ಮುಂದೆ ಕೂರೋದು, ಶನಿವಾರ ರಾತ್ರಿ ಇಂಗ್ಲೆಂಡ್ ಕ್ಲಬ್ಬಿನ ಜೆರ್ಸಿ ಹಾಕ್ಕೊಳ್ಳೋದು, ಇದಕ್ಕೂ ಸ್ಟೇಡಿಯಂಗೆ ಹೋಗೋದಕ್ಕೂ ಅಜಗಜಾಂತರ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಭಾರತ ತೈಪೆ ಮೇಲೆ 5-0 ಗೆದ್ದಿತು, ಸುನಿಲ್ ಛೆಟ್ರಿ ಹ್ಯಾಟ್ರಿಕ್. ನೋಡೋಕೆ ಬಂದಿದ್ದವರು 2,569 ಜನ. ದೇಶದ ಕ್ಯಾಪ್ಟನ್ ವಿಡಿಯೋ ಮಾಡಿ, ಬೈಯಿರಿ, ಟೀಕಿಸಿ, ಆದರೆ ದಯವಿಟ್ಟು ಬನ್ನಿ ಅಂತ ಕೈಮುಗಿಯಬೇಕಾಯಿತು. ಅದಾದ ಮೇಲೆ ಕೀನ್ಯಾ ಪಂದ್ಯಕ್ಕೆ ಸ್ಟೇಡಿಯಂ ತುಂಬಿತು. ಮೂರು ದಿನ ಮೊದಲು ಎಲ್ಲಿದ್ದರು ಅವರೆಲ್ಲ?

ನನಗೆ ಹುಚ್ಚು ಖಾಯಂ ಆದದ್ದು 2016ರ ಅಕ್ಟೋಬರ್ 19ರ ರಾತ್ರಿ. ಕಂಠೀರವ, ನಮ್ಮ ಬೆಂಗಳೂರು ಎಫ್‌ಸಿಗೆ ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನ ಸೆಮಿಫೈನಲ್. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೊಹೊರ್. ಮೊದಲು ಗೋಲು ತಿಂದೆವು. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು. 3-1. ಭಾರತದ ಯಾವ ಕ್ಲಬ್ಬೂ ಅಲ್ಲಿಯವರೆಗೆ ಆ ಕಪ್‌ನ ಫೈನಲ್ ಮುಟ್ಟಿರಲಿಲ್ಲ. ಛೆಟ್ರಿಯ ಎರಡನೇ ಗೋಲಿಗೆ ಗುರುತು ಪರಿಚಯ ಇಲ್ಲದ ಒಬ್ಬ ಯಜಮಾನರು ನನ್ನನ್ನ ತಬ್ಬಿಕೊಂಡರು, ಅವರ ಕನ್ನಡಕ ಬಿದ್ದು ಒಡೀತು, ಅವರು ಬಗ್ಗಿ ನೋಡಲೂ ಇಲ್ಲ. ದೋಹಾದ ಫೈನಲ್ ಇರಾಕ್‌ನ ವಾಯುಪಡೆ ಕ್ಲಬ್ ಎದುರು 0-1 ಸೋತೆವು, ಆ ಮಾತು ಬೇರೆ. ಆ ತಬ್ಬುಗೆ ಟಿವಿಯಲ್ಲಿ ಸಿಗಲ್ಲ.

ದಾವಣಗೆರೆ ಕೆಂಪು

ವೆಸ್ಟ್ ಬ್ಲಾಕ್ ಅಣ್ಣಾ, ನಿಮ್ಮ ಕೋಪ ಅರ್ಥವಾಗುತ್ತೆ. ಆದರೆ 2005ರಲ್ಲಿ ದಾವಣಗೆರೆಯಲ್ಲಿ ಹದಿನಾರು ವರ್ಷದ ಹುಡುಗಿ ಯಾವ ಸ್ಟೇಡಿಯಂಗೆ ಹೋಗಬೇಕಿತ್ತು ಹೇಳಿ.

ನಮ್ಮ ಮನೆಯಲ್ಲಿ ಫುಟ್‌ಬಾಲ್ ತಂದವನು ಅಣ್ಣ. ಅವನಿಗೆ ಅದು ಎಲ್ಲಿಂದ ಬಂತೋ ಕೇಳಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ರಜೆ, ಮೇ 25ರ ಮಧ್ಯರಾತ್ರಿ ದಾಟಿ ಹನ್ನೆರಡೂಕಾಲು. ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್, ಲಿವರ್‌ಪೂಲ್, ಮಿಲಾನ್. ಪಕ್ಕದ ಕೋಣೆಯಲ್ಲಿ ಅಮ್ಮ ಅಪ್ಪ ಮಲಗಿದ್ದರು, ಹಾಗಾಗಿ ಟಿವಿಯ ಸದ್ದು ಪೂರಾ ಬಂದ್. ಅರ್ಧ ಆಟಕ್ಕೆ 0-3. ಅಣ್ಣ ಎದ್ದು, "ಸಾಕು, ಮಲಗೋಣ" ಅಂದ. ನಾನೇ ಇನ್ನು ಹತ್ತು ನಿಮಿಷ ನೋಡೋಣ ಅಂದೆ. 54, 56, 60. ಆರು ನಿಮಿಷದಲ್ಲಿ ಮೂರು ಗೋಲು. ಕೂಗೋ ಹಾಗಿಲ್ಲ. ಅಣ್ಣ ದಿಂಬು ಕಚ್ಚಿಕೊಂಡಿದ್ದ, ನಾನು ಚಾದರ. ಪೆನಾಲ್ಟಿಯಲ್ಲಿ ಗೆದ್ದಾಗ ಇಬ್ಬರೂ ಸದ್ದಿಲ್ಲದೆ ಹಾಲ್ ತುಂಬ ಕುಣಿದೆವು. ಅಷ್ಟು ದೊಡ್ಡ ಸಂತೋಷವನ್ನು ಅಷ್ಟು ಮೌನವಾಗಿ ಆಮೇಲೆ ಯಾವತ್ತೂ ಅನುಭವಿಸಿಲ್ಲ.

ನರ್ಸಿಂಗ್ ಮಾಡಿದೆ, ಬೆಂಗಳೂರಲ್ಲಿ ದುಡಿದೆ, 2021ರಲ್ಲಿ ಇಂಗ್ಲೆಂಡಿಗೆ ಬಂದೆ. ಈಗ ಲೀಡ್ಸ್‌ನಲ್ಲಿದ್ದೀನಿ. ಈ ನಡುವೆ ಅಪ್ಪ ಹೋದರು. ಪಿ.ಜೆ. ಬಡಾವಣೆಯ ಮನೆ ಪಾಲಿನ ವಿಷಯದಲ್ಲಿ ಅಣ್ಣನಿಗೂ ನನಗೂ ಮಾತು ನಿಂತುಹೋಯಿತು. ಯಾರ ತಪ್ಪು ಅಂತ ಇಲ್ಲಿ ಬರೆಯಲ್ಲ. ಹಬ್ಬಕ್ಕೆ ಫೋನ್ ಇಲ್ಲ, ಮಕ್ಕಳ ಹುಟ್ಟುಹಬ್ಬಕ್ಕೆ ಇಲ್ಲ. ಆದರೆ ಲಿವರ್‌ಪೂಲ್ ಗೋಲು ಹೊಡೆದ ತಕ್ಷಣ ಒಂದು ಮೆಸೇಜ್ ಬರುತ್ತೆ. ಅಕ್ಷರ ಇರಲ್ಲ. 1-0. ಮತ್ತೆ 2-0. ನಾನೂ ಹಾಗೇ ಕಳಿಸ್ತೀನಿ. ಐದು ವರ್ಷ ನಾವು ಮಾತಾಡಿದ್ದೆಲ್ಲ ಬರೀ ಅಂಕಿಯಲ್ಲಿ. 2025ರ ಏಪ್ರಿಲ್ 27, ಟಾಟನ್‌ಹ್ಯಾಮ್ ಮೇಲೆ 5-1 ಗೆದ್ದು ಇಪ್ಪತ್ತನೇ ಲೀಗ್ ಪ್ರಶಸ್ತಿ ಬಂದಾಗ ಅವನು "20" ಅಂತ ಕಳಿಸಿದ. ನಾನೂ "20" ಅಂದೆ.

ಲಿವರ್‌ಪೂಲ್‌ನ ಸ್ಟೇಡಿಯಂ ಆನ್‌ಫೀಲ್ಡ್‌ಗೆ ಟಿಕೆಟ್ ಸಿಗೋದು ಬಹಳ ಕಷ್ಟ. ಕಳೆದ ಚಳಿಗಾಲದಲ್ಲಿ ಪಂದ್ಯ ಇಲ್ಲದ ದಿನ ರೈಲು ಹತ್ತಿ ಸುಮ್ಮನೆ ನೋಡಿಕೊಂಡು ಬರೋಣ ಅಂತ ಹೋದೆ. ಹೊರಗೋಡೆಯ ಹತ್ತಿರ ಹಿಲ್ಸ್‌ಬರೋ ಸ್ಮಾರಕ ಇದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನಲ್ಲಿ ಪಂದ್ಯ ನೋಡಲು ಹೋಗಿ ನೂಕುನುಗ್ಗಲಲ್ಲಿ ಸಿಕ್ಕಿ ಸತ್ತವರ ಹೆಸರುಗಳು, ವಯಸ್ಸಿನ ಸಮೇತ. 97 ಜನ. ಕೊನೆಯವರು ಅವತ್ತಿನ ಗಾಯದ ಪರಿಣಾಮದಿಂದ 32 ವರ್ಷ ನರಳಿ 2021ರಲ್ಲಿ ತೀರಿಕೊಂಡರು. ಆಸ್ಪತ್ರೆಯಲ್ಲಿ ದಿನಾ ಸಾವು ನೋಡುವವಳು ನಾನು. ಆದರೂ ಆ ವಯಸ್ಸುಗಳನ್ನು ಓದುತ್ತಾ ಹೋದ ಹಾಗೆ ಕಾಲು ಕಿತ್ತಿಡಲಾಗಲಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರು, ಅಕ್ಕತಂಗಿಯರ ಹೆಸರುಗಳೂ ಅದರಲ್ಲಿವೆ.

ಅಲ್ಲಿ ನಿಂತು ಒಂದು ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಒಂದು ಗಂಟೆ ಏನೂ ಬರಲಿಲ್ಲ. ಆಮೇಲೆ ಬಂತು: "ಅಲ್ಲಿ ಚಳಿ ಇರಬೇಕಲ್ಲ. ಸ್ವೆಟರ್ ಹಾಕ್ಕೊಂಡಿದೀಯಾ?"

ಅಣ್ಣಾ, ನಮ್ಮನ್ನು ಟಿವಿ ಅಭಿಮಾನಿಗಳು ಅನ್ನಿ, ಬೇಜಾರಿಲ್ಲ. ನನಗೆ ಆ ಟಿವಿ ಬೇಕಾಗಿತ್ತು.

ಕೆರೆ ಏರಿ

ಅಕ್ಕಾ, ಫೋನ್ ಮಾಡಿದ್ರಾ ಆಮೇಲೆ?

ದಾವಣಗೆರೆ ಕೆಂಪು

ಮಾಡಿದೆ. ಹಾಕ್ಕೊಂಡಿದೀನಿ ಅಂತ ಹೇಳಿದೆ.

ಉಳ್ಳಾಲ ಟು ರಿಯಾದ್

ನಾನು ಉಳ್ಳಾಲದವ. ಹದಿನಾರು ವರ್ಷದಿಂದ ರಿಯಾದ್‌ನಲ್ಲಿ ಎಸಿ ಮೆಕ್ಯಾನಿಕ್. ನನ್ನನ್ನು ಆಟಕ್ಕೆ ಕರ್ಕೊಂಡು ಹೋದದ್ದು ಭಾವ, ಅಕ್ಕನ ಗಂಡ. ಮದುವೆಯಾದ ಹೊಸತರಲ್ಲಿ ನನ್ನನ್ನು ಒಲಿಸಿಕೊಳ್ಳಲಿಕ್ಕೆ ಮಂಗಳೂರು ನೆಹರೂ ಮೈದಾನಿಗೆ ಕರ್ಕೊಂಡು ಹೋದರು. ಬರುವಾಗ ಐಸ್‌ಕ್ರೀಮ್ ಕೊಡಿಸಿದರು. ಆಮೇಲೆ ನಾವೂ ಕೊಯ್ಲಾದ ಗದ್ದೆಯಲ್ಲಿ ಆಡ್ಲಿಕ್ಕೆ ಶುರು ಮಾಡಿದ್ದು. ಬತ್ತದ ಕೂಳೆ ಕಾಲಿಗೆ ಚುಚ್ಚಿದರೆ ಹೇಗಿರ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತುಂಟು.

ಇಲ್ಲಿ ಲೇಬರ್ ಕ್ಯಾಂಪಿನಲ್ಲಿ ಮಲಪ್ಪುರಂನವರು ತುಂಬಾ ಜನ. ಫುಟ್‌ಬಾಲ್ ಅಂದರೆ ಅವರದ್ದೇ ಮಾತು. ಕೇರಳ ಸಂತೋಷ್ ಟ್ರೋಫಿ ಗೆದ್ದದ್ದನ್ನು ಅವರು ಹೇಳುವಾಗ ನಾನು ಸುಮ್ಮನೆ ಕೇಳ್ತಿದ್ದೆ. ನಮಗೆ ಹೇಳ್ಲಿಕ್ಕೆ ಏನಿತ್ತು? ನಾನು ಹುಟ್ಟುವ ಮೊದಲಿನದ್ದು.

2023ರಲ್ಲಿ ಸಂತೋಷ್ ಟ್ರೋಫಿಯ ಸೆಮಿಫೈನಲ್, ಫೈನಲ್ ರಿಯಾದಿನಲ್ಲಿ ಅಂತ ಸುದ್ದಿ ಬಂತು. ಟೂರ್ನಿ ದೇಶ ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ಸೆಮಿಯಲ್ಲಿ ಕರ್ನಾಟಕ ಸೇನೆಯವರ ತಂಡ ಸರ್ವಿಸಸ್ ಮೇಲೆ 3-1 ಗೆದ್ದಿತು. ಫೈನಲ್ ಮಾರ್ಚ್ 4, ಶನಿವಾರ. ನಮಗೆ ರಜೆ ಶುಕ್ರವಾರ. ಎರಡು ಶುಕ್ರವಾರ ದುಡಿತೇನೆ, ಈ ಶನಿವಾರ ಒಂದು ಬಿಡಿ ಅಂತ ಫೋರ್ಮನ್ ಹತ್ರ ಕೇಳಿಕೊಂಡೆ. ಬಿಟ್ಟರು, ಅವರಿಗೆ ದೇವರು ಒಳ್ಳೇದು ಮಾಡ್ಲಿ.

ಕಿಂಗ್ ಫಹದ್ ಸ್ಟೇಡಿಯಂ ಅಂದರೆ ಒಂದು ಊರಿನಷ್ಟು ದೊಡ್ಡದು. ಅದರಲ್ಲಿ ನಾವು ಒಂದು ಮೂಲೆಯಲ್ಲಿ ಸ್ವಲ್ಪ ಜನ, ಕೈಯಲ್ಲಿ ಹಳದಿ ಕೆಂಪು ಬಾವುಟ. ಭಟ್ಕಳದವರು, ಬೆಂಗಳೂರಿನವರು, ಕಲಬುರಗಿಯ ಒಬ್ಬರು ಡ್ರೈವರಣ್ಣ. ನನ್ನ ರೂಮಿನ ಮಲಪ್ಪುರಂ ಹುಡುಗರೂ ನಾಲ್ಕು ಜನ ಬಂದಿದ್ದರು, ಅವತ್ತೊಂದು ದಿನ ನಾವೂ ಕರ್ನಾಟಕ ಅಂತ ಹೇಳಿ. ಮೇಘಾಲಯ ಎದುರಾಳಿ. ಮೂರನೇ ನಿಮಿಷಕ್ಕೇ ನಮ್ಮ ಗೋಲು. ಅವರು ಪೆನಾಲ್ಟಿಯಲ್ಲಿ ಸಮ ಮಾಡಿದರು. ನಾವು ಇನ್ನೊಂದು, ಅರ್ಧಕ್ಕೆ ಮುಂಚೆ ಮತ್ತೊಂದು ಹಾಕಿ 3-1 ಮಾಡಿದೆವು. ಆಮೇಲೆ ಅವರು 3-2 ಮಾಡಿದ ಮೇಲೆ ಇದ್ದ ಅರ್ಧ ಗಂಟೆ ಉಂಟಲ್ಲ, ಅದರಷ್ಟು ಉದ್ದದ ಅರ್ಧ ಗಂಟೆ ನನ್ನ ಜೀವನದಲ್ಲಿ ಬರಲಿಲ್ಲ. ಕನ್ನಡ, ತುಳು, ಬ್ಯಾರಿ, ನವಾಯತಿ, ಮಲಯಾಳ, ಎಲ್ಲ ಭಾಷೆಯಲ್ಲಿ ಕೂಗಿದೆವು.

ವಿಸಿಲ್ ಆಯ್ತು. 54 ವರ್ಷದ ಮೇಲೆ ಕಪ್ ನಮ್ಮದು.

ರಾತ್ರಿಯೇ ಮನೆಗೆ ವಿಡಿಯೋ ಕಾಲ್ ಮಾಡಿದೆ. ಮಗನನ್ನು ನಾನು ವರ್ಷಕ್ಕೆ ಒಂದು ತಿಂಗಳು ನೋಡುವುದು. ಅವ ನಿದ್ದೆಗಣ್ಣಲ್ಲಿ "ನೀವು ಅಲ್ಲೇ ಇದ್ರಾ ಅಪ್ಪ?" ಅಂತ ಕೇಳಿದ. ಹೌದು ಮಗಾ, ನಾನು ಅಲ್ಲೇ ಇದ್ದೆ ಅಂದೆ. ಅವನ ಹುಟ್ಟುಹಬ್ಬಕ್ಕೂ, ಶಾಲೆಗೆ ಸೇರಿದ ದಿನಕ್ಕೂ ನಾನು ಅಲ್ಲಿರಲಿಲ್ಲ. ಭಾವ ಹಿಂದೆ ನಿಂತು ಕೇಳಿಸ್ಕೊಳ್ತಾ ಇದ್ದರು. ಮಗನನ್ನು ಮೈದಾನಿಗೆ ಕರ್ಕೊಂಡು ಹೋಗುವುದು ಈಗಲೂ ಅವರೇ.

ಗೌತಮಪುರ ಹಿರಿಯ

ಉಳ್ಳಾಲದವರೇ, ಆ ಹಿಂದಿನ ಕಪ್ಪಿಗೆ ಅಪ್ಪನ ಹೆಗಲ ಮೇಲಿದ್ದವನು ನಾನು. ಈ ಕಪ್ಪಿಗೆ ಅಲ್ಲಿದ್ದವರು ನೀವು. ಊರಿಗೆ ಬಂದಾಗ ಬೆಂಗಳೂರಿಗೆ ಬನ್ನಿ, ಮಗನನ್ನೂ ಕರೆದುಕೊಂಡು ಬನ್ನಿ. ಮನೆಯಲ್ಲಿ ಊಟ.

ಮೈಸೂರು ಮಿಡ್‌ಫೀಲ್ಡ್

ನನಗೆ 19. ಆಡ್ತೀನಿ, ನೋಡ್ತೀನಿ ಎರಡೂ. ಕರೆದುಕೊಂಡು ಹೋಗಿದ್ದು ಹೈಸ್ಕೂಲಿನ ಪಿಟಿ ಮೇಡಂ. ಇಲ್ಲಿ ಯಾರೂ ಹುಡುಗಿಯರ ಆಟದ ಬಗ್ಗೆ ಬರೆದಿಲ್ಲ, ಅದಕ್ಕೇ ಬರೀತಿದೀನಿ. 2023ರಲ್ಲಿ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಮಹಿಳಾ ಲೀಗ್ ಫೈನಲ್ ತಲುಪಿದಾಗ ಹಾಸ್ಟೆಲ್‌ನಲ್ಲಿ ನಾವು ಆರು ಜನ ಒಂದೇ ಮೊಬೈಲ್‌ನಲ್ಲಿ ನೋಡಿದ್ವಿ. ಗೋಕುಲಂ ಎದುರು 0-5 ಸೋತರು, ಕೊನೆವರೆಗೂ ಯಾರೂ ಏಳಲಿಲ್ಲ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಸಂಗೀತಾ ಬಸ್ಫೋರ್ ಎರಡು ಗೋಲು ಹೊಡೆದು, ಭಾರತ ಥಾಯ್ಲೆಂಡ್ ಮೇಲೆ ಗೆದ್ದು ಏಷ್ಯನ್ ಕಪ್‌ಗೆ ಅರ್ಹತೆ ಪಡೆದಾಗ ಮೇಡಂಗೆ ಫೋನ್ ಮಾಡಿದೆ, ಇಬ್ಬರಿಗೂ ಮಾತು ಬರಲಿಲ್ಲ.

ಕಂಠೀರವದಲ್ಲಿ ಒಂದು ಪಂದ್ಯ ನೋಡಬೇಕು ಅಂತ ತುಂಬಾ ಆಸೆ. ಮುಗಿಯೋದು ರಾತ್ರಿ ಒಂಬತ್ತೂವರೆ. ಮನೇಲಿ ಒಬ್ಬಳನ್ನೇ ಕಳಿಸಲ್ಲ.

ವೆಸ್ಟ್ ಬ್ಲಾಕ್ ನೀಲಿ

ಮೈಸೂರಮ್ಮ, ನನ್ನ ಹೆಂಡತಿ ಮತ್ತು ತಂಗಿ ಇಬ್ಬರೂ ಪ್ರತಿ ಪಂದ್ಯಕ್ಕೂ ಬರ್ತಾರೆ. ಮನೆಯವರ ಜೊತೆ ಅವರೇ ಮಾತಾಡ್ತಾರೆ. ಪಿಟಿ ಮೇಡಂ ಅವರನ್ನೂ ಕರ್ಕೊಂಡು ಬನ್ನಿ, ರಾತ್ರಿ ನಮ್ಮ ಮನೆಯಲ್ಲಿ ಇದ್ದು ಬೆಳಿಗ್ಗೆ ಹೋಗಬಹುದು.

ದಾವಣಗೆರೆ ಅಕ್ಕಾ, ನಿಮ್ಮದನ್ನ ಎರಡು ಸಲ ಓದಿದೆ. ಸ್ಟೇಡಿಯಂಗೆ ಬರಬೇಕು ಅನ್ನೋ ನನ್ನ ಮಾತು ವಾಪಸ್ ತಗೊಳ್ಳಲ್ಲ, ಬರದಿದ್ದರೆ ಇಲ್ಲಿನ ಆಟ ಉಳಿಯಲ್ಲ. ಆದರೆ ಬಾರದವರಿಗೆಲ್ಲ ಒಂದೇ ಮಾತು ಅಂದಿದ್ದು ತಪ್ಪು. ಕ್ಷಮಿಸಿ.

ಆಸ್ಟಿನ್ ಟೌನ್ ಹುಡುಗ

ಎಲ್ಲ ಓದಿದೆ. ಹುಬ್ಬಳ್ಳಿಯವರ ಕಾಕಾ ಕೇಳಿದ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟೆ. ಮಾವನ ವಿಷಯ ನಾನು ಪೂರ್ತಿ ಹೇಳಿರಲಿಲ್ಲ, ಈಗ ಹೇಳ್ತೀನಿ.

ಮಾವನಿಗೆ ಗ್ಲಾಕೋಮಾ. ಗೊತ್ತಾಗೋ ಹೊತ್ತಿಗೆ ತಡವಾಗಿತ್ತು. 2021ರಿಂದ ಎಡಗಣ್ಣು ಪೂರ್ತಿ ಇಲ್ಲ, ಬಲಗಣ್ಣಲ್ಲಿ ಬೆಳಕು ಕತ್ತಲೆ ಗೊತ್ತಾಗುತ್ತೆ ಅಷ್ಟೆ. ಅತ್ತೆ ಹೋಗಿ ಮೂರು ವರ್ಷವಾಯಿತು. ಆಸ್ಟಿನ್ ಟೌನ್‌ನ ಅದೇ ಮನೆಯಲ್ಲಿದ್ದಾರೆ, ಪಕ್ಕದ ಮನೆಯವರು ಊಟ ಕಾಫಿ ನೋಡಿಕೊಳ್ತಾರೆ. ಟಿವಿ ಹಾಕಿದರೆ ಕಾಮೆಂಟರಿ ಹೇಳುವವರು ಆಟ ಬಿಟ್ಟು ಬೇರೆಲ್ಲ ಮಾತಾಡ್ತಾರೆ, ಚೆಂಡು ಎಲ್ಲಿದೆ ಅಂತ ಹೇಳಲ್ಲ ಅಂತ ಅವರಿಗೆ ಸಿಟ್ಟು. ಹಾಗಾಗಿ ಬಿಎಫ್‌ಸಿ ಪಂದ್ಯ ಇದ್ದ ದಿನ ನಾನು ಫೋನ್ ಮಾಡ್ತೀನಿ. ಇಲ್ಲಿ ಮಧ್ಯಾಹ್ನ. ಲ್ಯಾಪ್‌ಟಾಪ್‌ನಲ್ಲಿ ನೋಡ್ತಾ ಅವರಿಗೆ ಹೇಳ್ತಾ ಹೋಗ್ತೀನಿ. ಬಲಗಡೆಯಿಂದ ಬರ್ತಾ ಇದಾನೆ. ಒಬ್ಬನ್ನ ದಾಟಿದ. ಒಳಗೆ ಕೊಟ್ಟ. "ಚೆಂಡಿಲ್ಲದವನು ಎಲ್ಲಿದಾನೆ ಹೇಳು" ಅಂತ ಕೇಳ್ತಾರೆ. ಅದನ್ನೂ ನೋಡಿ ಹೇಳಬೇಕು.

2025ರ ಏಪ್ರಿಲ್ 6, ಭಾನುವಾರ. ಗೋವಾದಲ್ಲಿ ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ಮೊದಲನೆಯದನ್ನು ನಾವು ಕಂಠೀರವದಲ್ಲಿ 2-0 ಗೆದ್ದಿದ್ದೆವು. ಗೋವಾದವರು ಒಂದು ಹೊಡೆದರು, 88ನೇ ನಿಮಿಷಕ್ಕೆ ಇನ್ನೊಂದು. ಲೆಕ್ಕ ಸಮ. ಮಾವ ಆ ಕಡೆಯಿಂದ ಉಸಿರು ಬಿಡೋದು ಕೇಳಿಸ್ತಾ ಇತ್ತು. ಹೆಚ್ಚುವರಿ ಸಮಯಕ್ಕೆ ಹೋಗುತ್ತೆ ಮಾವ ಅಂದೆ. ನಮ್ಮ ಮಿಡ್‌ಫೀಲ್ಡರ್ ಚೆಂಡು ಇಟ್ಟುಕೊಂಡಿದಾನೆ, ಏನೂ ಆಗ್ತಿಲ್ಲ ಅಂದೆ.

ಅಷ್ಟರಲ್ಲಿ ಫೋನಿನಲ್ಲಿ ದೊಡ್ಡ ಗದ್ದಲ. ಕಿರುಚಾಟ, ಯಾರೋ ಪಾತ್ರೆ ಬಡಿಯೋ ಸದ್ದು. ಪಕ್ಕದ ಮನೆಯ ಟಿವಿ. ನನ್ನ ಲ್ಯಾಪ್‌ಟಾಪಿಗೆ ಆಟ ಬರೋದು ಅವರಿಗಿಂತ ಅರ್ಧ ನಿಮಿಷ ತಡ. ನನ್ನ ಪರದೆ ಮೇಲೆ ಇನ್ನೂ ನಮ್ಮ ಮಿಡ್‌ಫೀಲ್ಡರ್ ಚೆಂಡು ಇಟ್ಟುಕೊಂಡು ನಿಂತಿದ್ದ.

"ಬಿತ್ತು ಕಣೋ," ಅಂದರು ಮಾವ. "ನಮ್ಮದೇ. ಯಾರು ಹೊಡೆದದ್ದು ಅಂತ ಅವರನ್ನ ಕೇಳಲ್ಲ ನಾನು. ನಿಂಗೆ ಬಂದಾಗ ನೋಡಿ ಹೇಳು. ನಿಧಾನಕ್ಕೆ ಹೇಳು."

ಆ ಅರ್ಧ ನಿಮಿಷ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನನ್ನ ಪರದೆಗೆ ಬಂತು. ಹೇಳೋಕೆ ಶುರು ಮಾಡಿದೆ. ಬಲಗಡೆಯಿಂದ ಕ್ರಾಸ್ ಮಾವ, ಎತ್ತರಕ್ಕೆ. ಮಧ್ಯದಲ್ಲಿ ಛೆಟ್ರಿ. ನಲವತ್ತು ವರ್ಷದವನು, ಹಾರಿದ. ತಲೆ ಕೊಟ್ಟ.